ಬಣ್ಣ ಕಾಣದ ಸಿಪಾಯಿ

ನಮ್ಮ ಅಪ್ಪ ಇಡೀ ಮನೆಯನ್ನು ಯುದ್ಧಕ್ಕೆ ಕಳಿಸಿ ತಾವೊಬ್ಬರೇ ತಪ್ಪಿಸಿಕೊಂಡು ಕೂತಿದ್ದರು. ಇದನ್ನು ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅನ್ನಿಸಿದರೆ, ಹೌದು, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ಮನೆಯಲ್ಲಿ ನನ್ನ ಅಡ್ಡಹೆಸರೇ ಸಿಡುಕಿ.

ಯುದ್ಧವೆಂದರೆ ಮೇಜಿನ ಮೇಲಿನ ಯುದ್ಧ. ಹೆಬ್ಬೆರಳಿನ ಗೆಣ್ಣಿಗಿಂತ ಚೂರೇ ಎತ್ತರದ ಲೋಹದ ಸಿಪಾಯಿಗಳು. ವಿಯೆಟ್ನಾಂ ಕಾಲದ ಅಮೆರಿಕನ್ ಕಾಲಾಳುಗಳು ಒಂದು ಕಡೆ, ಕಾಡಿನ ಗೆರಿಲ್ಲಾಗಳು ಇನ್ನೊಂದು ಕಡೆ. ಡಬ್ಬಿಯಲ್ಲಿ ಬರಿಯ ಲೋಹವಾಗಿಯೇ ಬರುತ್ತವೆ, ಬಣ್ಣ ನಾವೇ ಹಚ್ಚಿಕೊಳ್ಳಬೇಕು. ಆಮೇಲೆ ಅಳತೆಪಟ್ಟಿ ಹಿಡಿದು ಸರಿಸುವುದು, ದಾಳ ಉರುಳಿಸುವುದು, ಗುಂಡು ತಾಗಿದವನನ್ನು ಅಡ್ಡ ಮಲಗಿಸುವುದು. ಭಾನುವಾರ ಅಣ್ಣ ಕ್ಲಬ್ಬಿನಲ್ಲಿ ಆಡುತ್ತಾನೆ, ಅಪ್ಪ ಅವನಿಗೆ ಸೈನ್ಯ ಸಿದ್ಧ ಮಾಡಿಕೊಡುತ್ತಾರೆ.

ಅಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಊರಿನವರನ್ನೆಲ್ಲ ಮೇಲಕ್ಕೇರಿಸಿ, ತಾವು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ ಮಾಡಿದರು. ಕೆಲಸ ಬಿಟ್ಟ ಮೇಲೆ ಕೈಗೆ ಏನಾದರೂ ಬೇಕಲ್ಲ, ಅಣ್ಣನ ಸಿಪಾಯಿಗಳನ್ನು ಹಿಡಿದರು. ಹಿಡಿದದ್ದನ್ನು ಅರೆಬರೆ ಮಾಡುವ ಜಾತಿಯಲ್ಲ ಅವರದು. ತಗಡಿನ ತಟ್ಟೆ ಕತ್ತರಿಸಿ ತಂದರು, ಪ್ರತಿ ಸಿಪಾಯಿಯ ಪಾದದಡಿ ಆಯಸ್ಕಾಂತದ ಚೂರು ಅಂಟಿಸಿದರು. ಒಂದು ತಟ್ಟೆಗೆ ಒಂದು ಸ್ಕ್ವಾಡ್: ಮುಂದೆ ಸಾರ್ಜೆಂಟ್, ಎಡಬಲಕ್ಕೆ ಒಂದೊಂದು ತಂಡ, ಹಿಂದೆ ಮಷಿನ್‌ಗನ್, ಬೆನ್ನಿಗೆ ರೇಡಿಯೋ ಹೊತ್ತವನು. ತಟ್ಟೆ ಬೋರಲು ಹಾಕಿದರೂ ಒಬ್ಬನೂ ಬೀಳುತ್ತಿರಲಿಲ್ಲ.

ಪ್ರತಿಯೊಬ್ಬನೂ ನಮ್ಮ ಮನೆಯವನೇ ಅಥವಾ ಮನೆಯವಳೇ. ಸಾರ್ಜೆಂಟ್ ನಮ್ಮ ಸೋದರತ್ತೆ, ಅವರ ಮಾತಿಗೆ ಎದುರಾಡಿದವರು ಇನ್ನೂ ಹುಟ್ಟಿಲ್ಲ. ರೇಡಿಯೋದವನು ಚಿಕ್ಕಮ್ಮ, ಯಾಕೆಂದರೆ ಆಕೆಯ ಕಿವಿಯಿಂದ ಫೋನು ಇಳಿದದ್ದನ್ನು ಯಾರೂ ಕಂಡಿಲ್ಲ. ಮಷಿನ್‌ಗನ್ ಸೋದರಮಾವ, ಬಾಯಿ ತೆರೆದರೆ ಪಟಪಟ, ನಡುವೆ ನಿಲ್ಲಿಸುವುದೇ ಇಲ್ಲ. ಗೆರಿಲ್ಲಾಗಳಿಗೆಲ್ಲ ಅಪ್ಪನ ಆಫೀಸಿನ ಮೇಲಧಿಕಾರಿಗಳ ಹೆಸರು. "ಅವರೇ ಜಾಸ್ತಿ ಸಲ ಗೆಲ್ತಾರೆ ಕಣೆ, ಏನ್ಮಾಡೋದು, ಆಫೀಸಲ್ಲೂ ಹಾಗೇ ಇತ್ತು" ಎಂದು ನಗುತ್ತಿದ್ದರು. ಹೆಸರು ಪಾದದಡಿಯಲ್ಲಿ ಮಾತ್ರ. ಮೇಲಿನಿಂದ ನೋಡಿದರೆ ಎಲ್ಲರದೂ ಅದೇ ಹಸಿರು ಬಟ್ಟೆ, ಅದೇ ಕೆಸರು ಮೆತ್ತಿದ ಬೂಟು. ಒಂದೇ ಕಾಡಿನಲ್ಲಿ ನಡೆದವರ ಬೂಟಿಗೆ ಎರಡು ಥರದ ಕೆಸರು ಹತ್ತುವುದಿಲ್ಲ ಎಂಬುದು ಅಪ್ಪನ ವಾದ.

ಅವುಗಳಲ್ಲಿ ಒಂದು ಅಚ್ಚು ಇತ್ತು, ಬಂದೂಕು ಹಿಡಿದು ಮುಂದೆ ಹೆಜ್ಜೆ ಇಡುತ್ತಾ ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿದವನು. ಆ ಅಚ್ಚಿನವರು ನಾಲ್ಕು ಜನ. ಒಂದು ಅಮ್ಮ, ಮನೆ ಬಿಟ್ಟು ಹತ್ತು ಹೆಜ್ಜೆ ಹೋದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತಿರುಗುವವಳು. ಒಂದು ಅಣ್ಣ. ಒಂದು ನಾನು. ಗಂಡನ ಮನೆಯಲ್ಲಿ ಸರಿಹೋಗದೆ ನಾನು ಪೆಟ್ಟಿಗೆ ಸಮೇತ ವಾಪಸು ಬಂದಾಗ ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಾರ ಕಳೆದ ಮೇಲೆ ಆ ಸಿಪಾಯಿಯನ್ನು ನನ್ನ ಅಂಗೈಯಲ್ಲಿಟ್ಟು, "ರಜ ಮುಗಿಸಿ ಡ್ಯೂಟಿಗೆ ಬಂದೋರಿಗೆ" ಎಂದರು. ನಾನು ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾಲ್ಕನೆಯದು ಅಪ್ಪ. ಅದಕ್ಕೆ ಬಣ್ಣಕ್ಕೂ ಮೊದಲು ಹೊಡೆಯುವ ಪ್ರೈಮರಿನ ಬೂದಿ ಬಣ್ಣ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಕ್ಲಬ್ಬಿನಲ್ಲಿ ಒಂದು ನಿಯಮವಿದೆ, ಬಣ್ಣ ಹಚ್ಚದ ಸಿಪಾಯಿ ಮೇಜಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ನಾವೆಲ್ಲ ಭಾನುವಾರ ಭಾನುವಾರ ಗುಂಡು ತಿಂದು ಮಲಗುತ್ತಿದ್ದರೆ ಅಪ್ಪ ಕಪಾಟಿನಲ್ಲಿ ತಣ್ಣಗೆ ನಿಂತಿರುತ್ತಿದ್ದರು. ಕೇಳಿದರೆ, "ಮನೆಯವರದೆಲ್ಲ ಮುಗೀಲಿ, ನಂದು ಕೊನೇಗೆ" ಎನ್ನುತ್ತಿದ್ದರು.

ಆಮೇಲೆ ಅಪ್ಪ ಮೆಟ್ಟಿಲ ಮೇಲೆ ಬಿದ್ದರು. ಅದಕ್ಕೂ ಮೊದಲು ಅರ್ಧ ಮೆಟ್ಟಿಲು ಹತ್ತಿ ನಿಂತು ಗೋಡೆಯ ಬಿರುಕು ನೋಡುವ ನಾಟಕ ಆಡುತ್ತಿದ್ದರು. ಆ ಗೋಡೆಯಲ್ಲಿ ಅಂಥ ನೋಡುವಂಥದ್ದೇನೂ ಇರಲಿಲ್ಲ. ಡಾಕ್ಟರು ಹೃದಯದ ಕವಾಟ ಕಿರಿದಾಗಿದೆ, ಆಪರೇಷನ್ ಮಾಡಲೇಬೇಕು, ತಡ ಮಾಡಿದಷ್ಟೂ ಅಪಾಯ ಎಂದರು. ಅಪ್ಪನಿಗೊಂದು ದಿನ ತೆಗೆದಿಟ್ಟಿದ್ದಾರೆ, ಸೋಮವಾರ ಬೆಳಿಗ್ಗೆಯೊಳಗೆ ಒಪ್ಪಿಗೆ ಹೇಳದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ, ಮತ್ತೆ ಯಾವಾಗ ಸಿಗುತ್ತದೋ ಹೇಳಲಾಗದು. ಅಲ್ಲಿಯವರೆಗೆ ಈ ಹೃದಯ ಕಾಯುತ್ತದೆಯೇ ಎಂದು ಅಣ್ಣ ಕೇಳಿದ. ಡಾಕ್ಟರು ಒಪ್ಪಿಗೆಯ ಕಾಗದವನ್ನು ಅವನ ಕಡೆ ಸರಿಸಿದರು.

ಅಪ್ಪ ಒಪ್ಪಲಿಲ್ಲ. ಅಮ್ಮ ಅತ್ತಳು, ಅಣ್ಣ ಬೇಡಿಕೊಂಡ, ನಾನು ಕೂಗಾಡಿದೆ. ಕಲ್ಲಿನ ಮೇಲೆ ನೀರು ಹುಯ್ದ ಹಾಗೆ. "ನಂಗೇನೂ ಆಗಿಲ್ಲ. ಕೈ ನೋಡು, ಹೆಂಗಿದೆ. ಈಗಲೂ ಸಾಸಿವೆ ಕಾಳಿನ ಮೇಲೆ ಕಣ್ಣು ಬರೀತೀನಿ. ಇಂಥ ಕೈ ಇರೋನ ಎದೆ ಬಗೀಬೇಕಂತೆ!"

"ಕೈಗೂ ಎದೆಗೂ ಏನ್ರೀ ಸಂಬಂಧ?" ಎಂದಳು ಅಮ್ಮ.

"ಬಣ್ಣ ಹಚ್ಚದ ಸಿಪಾಯಿ ಮೇಜಿಗೆ ಇಳಿಯೋ ಹಾಗಿಲ್ಲ. ಅದು ಆಪರೇಷನ್ ಮೇಜಾದ್ರೂ ಅಷ್ಟೇ" ಎಂದು ಅಪ್ಪ ನಕ್ಕರು. ನಗು ಅರ್ಧಕ್ಕೇ ಏದುಸಿರಾಯಿತು.

ನನಗೆ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ನಾನೇ ಹಚ್ತೀನಿ ನಿಮಗೆ ಬಣ್ಣ!"

"ನೀನು? ಹಲ್ಲಿಗೆ ಬಣ್ಣ ಹಚ್ಚೋಳು?"

ನಾನು ದಂತ ಪ್ರಯೋಗಾಲಯದಲ್ಲಿ ಕೃತಕ ಹಲ್ಲು ಮಾಡುತ್ತೇನೆ. ಬಾಯಲ್ಲಿರುವ ನಿಜವಾದ ಹಲ್ಲುಗಳ ಸಾಲಿಗೆ ಒಂದು ಸುಳ್ಳು ಹಲ್ಲು ಸೇರಿಸಿ, ಯಾವುದು ಸುಳ್ಳು ಅಂತ ಕಟ್ಟಿಸಿಕೊಂಡವರಿಗೂ ಗೊತ್ತಾಗದಂತೆ ಮಾಡುವುದು ನನ್ನ ಕಸುಬು. ಹಾಗಂತ ಅಪ್ಪನ ಮುಖಕ್ಕೇ ಹೇಳಿದೆ.

ಅಪ್ಪನ ಕಣ್ಣಿನಲ್ಲಿ ಹಳೆಯ ತುಂಟತನ ಬಂತು. "ಆಯ್ತು, ಪಂಥ. ಆ ಬೂದಿ ಸಿಪಾಯಿಗೆ ನೀನು ಬಣ್ಣ ಹಚ್ಚು. ಭಾನುವಾರ ಬೆಳಿಗ್ಗೆ ನಾಲ್ಕನ್ನೂ ನನ್ನ ಮುಂದೆ ನಿಲ್ಸು. ನಿನ್ನದು ಯಾವುದು ಅಂತ ನಾನು ಹಿಡಿದ್ರೆ, ಆಪರೇಷನ್ ಅನ್ನೋ ಮಾತು ಈ ಮನೇಲಿ ಯಾರೂ ಎತ್ತಬಾರದು. ಹಿಡಿಯೋಕೆ ಆಗದಿದ್ರೆ ನೀನು ಹೇಳಿದ ಕಡೆ ಹೋಗಿ ಮಲಗ್ತೀನಿ."

"ಇದೇನು ಮಕ್ಕಳಾಟವಾ?" ಅಮ್ಮ ಎದ್ದು ನಿಂತಳು. ಆದರೆ ನಾನಾಗಲೇ ಕೈ ಚಾಚಿದ್ದೆ. ಅಪ್ಪ ಆಡಿದ ಮಾತು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅವರನ್ನು ಆಸ್ಪತ್ರೆಯ ಬಾಗಿಲು ದಾಟಿಸಲು ಬೇರೆ ದಾರಿಯೂ ಕಾಣಲಿಲ್ಲ. ಅಪ್ಪ ನನ್ನ ಕೈ ಕುಲುಕಿ, "ಮಾದರಿಗೆ ಆ ಮೂರನ್ನೂ ತಗೋ. ನೋಡ್ಕೋ, ಅಷ್ಟೇ. ನನ್ನ ಬಣ್ಣದ ಮೇಲೆ ಏನನ್ನೂ ತಾಗಿಸಬೇಡ" ಎಂದರು.

ಮಾರನೆಯ ದಿನ ನಾಲ್ಕನ್ನೂ ಲ್ಯಾಬಿಗೆ ಒಯ್ದೆ. ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಾಕಿಕೊಂಡು ನೋಡಿದೆ. ಅಪ್ಪನ ಹಸಿರು ಹಸಿರೇ ಅಲ್ಲ. ಅದರಲ್ಲಿ ಹಳದಿ ಇದೆ, ಕಂದು ಇದೆ, ಮಡಿಕೆಗಳಲ್ಲಿ ತೆಳುವಾಗಿ ಹರಿದು ಒಣಗಿದ ಕಪ್ಪು ಇದೆ, ಮೊಣಕಾಲಿನ ಮೇಲೆ ಬಿಸಿಲಿಗೆ ಬಿಳಿಚಿದ ಹಾಗೆ ಏನೋ ಇದೆ. ಹೆಲ್ಮೆಟ್ಟಿನ ಸುತ್ತ ಕೂದಲೆಳೆಯ ಕರಿ ಪಟ್ಟಿ, ಒಂದೇ ಎಳೆತ. ಮೂರರಲ್ಲಿ ಒಂದರ ಪಟ್ಟಿ ಮಾತ್ರ ಹಿಂಬದಿಯಲ್ಲಿ ತುಸು ಅಲುಗಿತ್ತು. ಅವಸರದಲ್ಲಿ ಎಳೆದದ್ದಿರಬೇಕೆಂದು, ಪಾದದಡಿಯ ಹೆಸರನ್ನೂ ನೋಡದೆ ಅದನ್ನು ಬದಿಗಿಟ್ಟು ಇನ್ನೆರಡನ್ನು ಮಾದರಿಯಾಗಿ ಇಟ್ಟುಕೊಂಡೆ.

ನಾನು ನನ್ನ ಕಸುಬಿನ ದಾರಿಯನ್ನೇ ಹಿಡಿದೆ. ಹಲ್ಲಿನ ಬಣ್ಣ ಹೊಂದಿಸಲು ನಮ್ಮಲ್ಲಿ ಛಾಯೆಗಳ ಮಾದರಿ ಸಾಲು ಇರುತ್ತದೆ, ಒಂದೊಂದನ್ನೇ ಬಾಯಿಯ ಪಕ್ಕ ಹಿಡಿದು ನೋಡುತ್ತೇವೆ. ಬಿಸಾಡಿದ ಹಲ್ಲುಗಳನ್ನು ಆಯ್ದು ಒಂದೊಂದಕ್ಕೂ ಒಂದೊಂದು ಬೆರಕೆಯ ಹಸಿರು ಬಳಿದು ಸಾಲಾಗಿ ಒಣಗಿಸಿದೆ. ಲ್ಯಾಬಿನ ಯಜಮಾನರು ಬಂದು ನೋಡಿ ಹುಬ್ಬೇರಿಸಿದರು. "ಯಾರ ಬಾಯಿಗಮ್ಮ ಇದು? ಮೊಸಳೆಗಾ?"

"ನಮ್ಮಪ್ಪಂಗೆ" ಎಂದೆ.

ಬೂದಿ ಸಿಪಾಯಿಯಲ್ಲಿ ಇನ್ನೊಂದು ತಾಪತ್ರಯ. ಅದರ ಪ್ರೈಮರ್ ದಪ್ಪವಾಗಿತ್ತು, ಒಂದರ ಮೇಲೊಂದು ಹೊಡೆದ ಹಾಗೆ. ಹಾಗೇ ಬಣ್ಣ ಹಚ್ಚಿದರೆ ಮೂಗು ಬಾಯಿ ಎಲ್ಲ ಮುಚ್ಚಿಹೋಗಿ ತಕ್ಷಣ ಸಿಕ್ಕಿಬೀಳುತ್ತಿತ್ತು. ಸ್ಪಿರಿಟ್ಟಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಹತ್ತಿಯಲ್ಲಿ ಒರೆಸಿದೆ. ಬೂದಿಯ ಜೊತೆಗೆ ಹಸಿರೂ ಕಪ್ಪೂ ಹತ್ತಿಗೆ ಹತ್ತಿಕೊಂಡು ಬಂತು. ಹಚ್ಚಿ, ಮನಸ್ಸಿಗೆ ಬಾರದೆ ಮೇಲೆ ಪ್ರೈಮರ್ ಹೊಡೆದಿದ್ದಾರೆ, ಸುಮ್ಮನೆ ಸೋಗು ಹಾಕುತ್ತಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಬಟ್ಟೆ, ಬೂಟು, ಮುಖ, ಎಲ್ಲ ಕೂತಿತು. ಕಷ್ಟವಾದದ್ದು ಹೆಲ್ಮೆಟ್ಟಿನ ಪಟ್ಟಿ. ಉಸಿರು ಬಿಟ್ಟರೂ ಕೈ ಅಲುಗುತ್ತದೆ, ತಗೊಂಡರೂ ಅಲುಗುತ್ತದೆ. ಉಸಿರು ಕಟ್ಟಿ, ಸಿಪಾಯಿಯನ್ನು ತಿರುಗಿಸುತ್ತಾ, ಬ್ರಷ್ಷು ನಿಂತಲ್ಲೇ ನಿಲ್ಲಬೇಕು. ಅಳಿಸಿ ಅಳಿಸಿ ಎಳೆದೆ. ಕೊನೆಗೆ ಒಂದು ಸಲ ಬಂತು. ಪಿಂಗಾಣಿ ಹಲ್ಲಿನ ಮೇಲೆ ಸೂಕ್ಷ್ಮ ಬಿರುಕು ಬರೆದು ಪಳಗಿದ ಕೈ ಇಷ್ಟಾದರೂ ಮಾಡದಿದ್ದರೆ ಇದ್ದು ಏನು ಬಂತು?

ಉಳಿದದ್ದು ಹೊಳಪು. ಹೊಸ ಬಣ್ಣ ಸ್ವಲ್ಪ ಮಿನುಗುತ್ತದೆ, ಹಳೆಯದು ಮಂಕಾಗಿರುತ್ತದೆ. ನಾಲ್ಕನ್ನೂ ಒಟ್ಟಿಗೆ ನಿಲ್ಲಿಸಿ ಒಂದೇ ಸಲಕ್ಕೆ ಮಂಕು ವಾರ್ನಿಷ್ ಸ್ಪ್ರೇ ಮಾಡಿದರೆ ಎಲ್ಲವೂ ಒಂದಾಗುತ್ತವೆ ಎಂದು ಲೆಕ್ಕ ಹಾಕಿದೆ. ತಾಗಿಸಬೇಡ ಎಂದಿದ್ದರು. ಆದರೆ ತಾಗಿಸದೆ ಗೆಲ್ಲುವಂತಿರಲಿಲ್ಲ. ಶನಿವಾರ ಮಧ್ಯಾಹ್ನ ಅಣ್ಣನನ್ನು ಕರೆದುಕೊಂಡು ಮಾಳಿಗೆ ಹತ್ತಿದೆ. ಆಗಷ್ಟೇ ಮಳೆ ನಿಂತಿತ್ತು, ಗಾಳಿಯೆಲ್ಲ ಒದ್ದೆಯಾಗಿತ್ತು. ನೀರಿನ ಟ್ಯಾಂಕಿನ ಮರೆಯಲ್ಲಿ ನಾಲ್ಕನ್ನೂ ನಿಲ್ಲಿಸಿ ಡಬ್ಬಿ ಅಲ್ಲಾಡಿಸಿ ಹೊಡೆದೆ.

ನೋಡನೋಡುತ್ತಿದ್ದಂತೆ ನಾಲ್ಕೂ ಬೆಳ್ಳಗಾದವು. ಹಸಿರು ಹೋಯಿತು, ಮುಖ ಹೋಯಿತು, ಹಿಟ್ಟಿನ ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗೆ ನಿಂತವು.

"ಅಯ್ಯೋ, ವಿಯೆಟ್ನಾಂನಲ್ಲಿ ಹಿಮ ಬಿತ್ತಲ್ಲೇ!" ಎಂದ ಅಣ್ಣ. ನನ್ನ ಮುಖ ನೋಡಿ ಅವನ ನಗು ಅಲ್ಲೇ ಸತ್ತಿತು. "ಒದ್ದೆ ಗಾಳೀಲಿ ವಾರ್ನಿಷ್ ಹೊಡೀಬಾರದು ಕಣೆ. ಕ್ಲಬ್ಬಲ್ಲಿ ಎಲ್ಲರಿಗೂ ಗೊತ್ತು."

"ಈಗ ಹೇಳ್ತೀಯಾ? ಈಗ? ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ಯಲ್ಲೋ!"

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅವನ ತಲೆಗೇ ಡಬ್ಬಿ ಕುಟ್ಟಬೇಕೆನಿಸಿತು. ಆದರೆ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ನನ್ನದೊಂದು ಹಾಳಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಅಪ್ಪನ ಕೈಯ ಮೂರೂ ಹೋಗಿದ್ದವು, ಅವುಗಳ ಜೊತೆ ಪಂಥವೂ, ಸೋಮವಾರದ ಉತ್ತರವೂ. ಕೈಯಾರೆ ನಾನೇ ಅಪ್ಪನನ್ನು ಕೊಂದೆನಲ್ಲ ಎಂದು ಜೋರಾಗಿ ಅತ್ತೆ. ಅಣ್ಣ ಏನು ಮಾಡುವುದೆಂದು ತಿಳಿಯದೆ ನನ್ನ ನೆತ್ತಿಯ ಮೇಲೆ ಕೈ ಇಟ್ಟುಕೊಂಡು ನಿಂತ.

ಕಣ್ಣೊರೆಸಿಕೊಂಡ ಬೆರಳಿನಲ್ಲೇ ಒಂದು ಸಿಪಾಯಿಯನ್ನು ಎತ್ತಿಕೊಂಡೆ. ಬೆರಳ ಒದ್ದೆ ತಾಗಿದಲ್ಲಿ, ಭುಜದ ಮೇಲೆ, ಹಸಿರು ಇಣುಕಿತು. ಒಣಗಿದೊಡನೆ ಮತ್ತೆ ಬಿಳಿ. ಅಳು ನಿಂತಿತು. ನಮ್ಮ ಕಸುಬಿನಲ್ಲಿ ಮೊದಲ ದಿನವೇ ಕಲಿಸುವ ಪಾಠ ಇದು: ಒಣಗಿದ ಹಲ್ಲು ಯಾವತ್ತೂ ನಿಜಕ್ಕಿಂತ ಬೆಳ್ಳಗೆ ಕಾಣುತ್ತದೆ, ಒದ್ದೆ ಮಾಡಿದರೆ ತನ್ನ ಬಣ್ಣ ತೋರಿಸುತ್ತದೆ. ಅಂದರೆ ಬಣ್ಣ ಹೋಗಿಲ್ಲ, ಮೇಲಿನ ಪದರ ಮಾತ್ರ ಒಡೆದು ಮಂಜಾಗಿದೆ. ಅದರ ಬಿರುಕುಗಳಲ್ಲಿ ನೀರಿನ ಬದಲು ಆರದಂಥದ್ದು ಏನಾದರೂ ತುಂಬಿದರೆ?

"ಏಳು. ಹೊಳಪಿನ ವಾರ್ನಿಷ್ ಬೇಕು. ಸ್ಪ್ರೇ ಅಲ್ಲ, ಬ್ರಷ್ಷಲ್ಲಿ ಹಚ್ಚೋದು. ಓಡು!"

ಅಣ್ಣ ಓಡಿದ. ಅವನು ತರುವಷ್ಟರಲ್ಲಿ ನಾನು ಮನೆಯ ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿದ್ದೆ. ಹೊರಗೆ ಅಪ್ಪ ಕೆಮ್ಮುವುದು ಕೇಳಿಸುತ್ತಿತ್ತು. ತೆಳುವಾಗಿ ಹಚ್ಚುತ್ತಾ ಹೋದ ಹಾಗೆ ಬಿಳಿ ಕರಗಿ, ಬೂಟು ಬಂತು, ಬಟ್ಟೆ ಬಂತು, ಮುಖ ಬಂತು. ಒಣಗಿದ ಮೇಲೆ ಅದರ ಮೇಲೆ ಮಂಕು ವಾರ್ನಿಷ್ ಅನ್ನೂ ಬ್ರಷ್ಷಿನಲ್ಲೇ ಎಳೆದೆ. ಅಣ್ಣ ನಾಲ್ಕರ ಪಾದದಡಿಗೂ ಅಂಚಿಗೂ ಕರಿ ಟೇಪು ಸುತ್ತಿ ಹೆಸರು ಮುಚ್ಚಿದ. ಆ ನಾಲ್ಕರ ನಡುವೆ ನನ್ನದು ಯಾವುದು ಎಂದು ಗುರುತಿಸಲು ನಾನೇ ಎರಡು ಸಲ ನೋಡಬೇಕಾಯಿತು.

ಭಾನುವಾರ ಬೆಳಿಗ್ಗೆ ಅಪ್ಪ ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂತರು. ಕೋಣೆಯಿಂದ ಮೇಜಿಗೆ ನಡೆದದ್ದಕ್ಕೇ ತುಟಿ ನೀಲಿಯಾಗಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಅಣ್ಣ ಸ್ಕ್ವಾಡಿನ ತಟ್ಟೆ ತಂದಿಟ್ಟು ನಾಲ್ಕನ್ನೂ ಅದರ ಮುಂದೆ ನಿಲ್ಲಿಸಿದ. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. ನನ್ನ ಕಣ್ಣು ಯಾವುದರ ಮೇಲೆ ಹೋದರೂ ಅಪ್ಪನಿಗೆ ಗೊತ್ತಾಗಿಬಿಡುತ್ತದೆ ಎಂದು ನೆಲ ನೋಡಿದೆ.

ಅಪ್ಪ ಭೂತಗನ್ನಡಿ ಹಾಕಿಕೊಂಡರು. ಮೊದಲನೆಯದನ್ನು ಎತ್ತಿ ಬೂಟು ನೋಡಿದರು, ಮೊಣಕಾಲು ನೋಡಿದರು, ಇಟ್ಟರು. ಎರಡನೆಯದನ್ನು ಎತ್ತಿದರು. ಅದು ನನ್ನದು. ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಗಿನ ಹತ್ತಿರ ತಂದು ವಾಸನೆ ನೋಡಿದರು. ಇನ್ನೇನು ಮುಗಿಯಿತು ಎಂದುಕೊಂಡೆ.

"ಎಲ್ಲಕ್ಕೂ ವಾರ್ನಿಷ್ ಬಳಿದಿದ್ದೀಯ. ತಾಗಿಸಬೇಡ ಅಂದಿದ್ದೆ, ಕಳ್ಳಿ" ಎಂದರು. ಮತ್ತೆ ಅದನ್ನೇ ತಿರುಗಿಸಿ, "ಈ ಪಟ್ಟಿ ನೋಡು, ಹೇಗೆ ಕೂತಿದೆ. ಇದು ನಿಮ್ಮಮ್ಮ. ಇದನ್ನ ಮಾಡಿದಾಗ ನನ್ನ ಕೈ ಕೈಯಾಗಿತ್ತು" ಎಂದು ಮೆಲ್ಲನೆ ಕೆಳಗಿಟ್ಟರು.

ಅಪ್ಪ ಮೂರನೆಯದನ್ನು ಬೇಗ ಇಟ್ಟರು. ನಾಲ್ಕನೆಯದನ್ನು ಎತ್ತಿ ಹೆಲ್ಮೆಟ್ಟಿನ ಹಿಂಬದಿಗೆ ತಿರುಗಿಸಿದವರು ಜೋರಾಗಿ ನಕ್ಕರು.

"ಸಿಕ್ಕಿಬಿದ್ದೆ! ಇಲ್ಲಿ ನೋಡು, ಪಟ್ಟಿ ಅಲುಗಿದೆ. ಉಸಿರು ಹಿಡಿಯೋಕೆ ಬರದೋರು ಎಳೆದ ಗೆರೆ ಇದು. ಉಳಿದದ್ದೆಲ್ಲ ಚೆನ್ನಾಗಿದೆ ಕಣೆ, ಸುಳ್ಳು ಹೇಳಲ್ಲ. ಆದ್ರೆ ಕೊನೇ ಎಳೆತದಲ್ಲಿ ಕೈ ಕೊಡ್ತು. ಇದೇ ನಿನ್ನದು."

ಅಪ್ಪ ಅಣ್ಣನ ಮುಖ ನೋಡಿದರು, ಆಮೇಲೆ ನನ್ನ ಮುಖ. ನಗು ತುಟಿಯ ಮೇಲೆಯೇ ಉಳಿದಿತ್ತು. ಉಗುರಿನಿಂದ ಟೇಪು ಎಬ್ಬಿಸಿ ಪಾದ ತಿರುಗಿಸಿದರು. ಅಲ್ಲಿ ಅವರದೇ ಗುಂಡು ಅಕ್ಷರದಲ್ಲಿ 'ಸಿಡುಕಿ' ಎಂದಿತ್ತು.

ನಾನು ಪೆಟ್ಟಿಗೆ ಹೊತ್ತು ವಾಪಸು ಬಂದಾಗ ಅಂಗೈಗೆ ಬಂದ ಸಿಪಾಯಿ. ಬದಿಗಿಟ್ಟದ್ದು ನನ್ನನ್ನೇ ಎಂದು ನನಗೂ ಆಗಲೇ ಗೊತ್ತಾದದ್ದು. ಅಂದರೆ ಅವತ್ತೇ, ಮೆಟ್ಟಿಲ ಮೇಲೆ ಬೀಳುವುದಕ್ಕೆ ಎಷ್ಟೋ ಮೊದಲೇ, ಅಪ್ಪನಿಗೆ ಒಂದು ಗೆರೆ ಎಳೆಯುವಷ್ಟು ಉಸಿರು ನಿಲ್ಲುತ್ತಿರಲಿಲ್ಲ. ಆ ಇಲ್ಲದ ಉಸಿರನ್ನೇ ಹಿಡಿದು ನನಗೆ ಬಣ್ಣ ಹಚ್ಚಿದ್ದರು. ನನಗೆ ಗೆದ್ದ ಖುಷಿಯಾಗಲಿಲ್ಲ.

ಅಪ್ಪ ಭೂತಗನ್ನಡಿ ತೆಗೆದಿಟ್ಟರು. "ಅವತ್ತು ನೇರವಾಗೇ ಕಂಡಿತ್ತು" ಎಂದರು. "ಕಣ್ಣು ಕತ್ತಲೆ ಬಂದಿತ್ತು, ನಿಜ. ಆದ್ರೂ ನೇರವಾಗೇ ಕಂಡಿತ್ತು."

"ಅಪ್ಪಾ."

"ಆಮೇಲೆ ನಂದನ್ನೂ ಹಚ್ಚೋಕೆ ಹೋದೆ ಕಣೆ. ಎರಡು ಸಲ, ಮೂರು ಸಲ. ಪಟ್ಟಿ ಹತ್ರ ಬಂದಾಗ ಪ್ರತಿ ಸಲವೂ ಕೈ ಹಾರೋದು. ಮೇಲೆ ಬೂದಿ ಹೊಡೆದು ಮುಚ್ಚಿಡ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನಿಜ ಆಗಿಬಿಡುತ್ತಲ್ಲ." ಕೈಯಲ್ಲಿದ್ದ ಸಿಪಾಯಿಯನ್ನು ಮೇಜಿನ ಮೇಲಿಟ್ಟರು. "ಭಯ ಆಗುತ್ತೆ. ನಂಗೆ ತುಂಬಾ ಭಯ ಆಗುತ್ತೆ."

ಅಮ್ಮ ಬಂದು ಅವರ ಪಕ್ಕದಲ್ಲಿ ಕೂತು ಭುಜ ಹಿಡಿದುಕೊಂಡಳು. "ಭಯ ಅಂತ ಮೊದಲೇ ಹೇಳಿದ್ರೆ ನಾವೂ ಸೇರಿ ಭಯಪಡ್ತಿದ್ವಲ್ರೀ" ಎಂದಳು.

ಅಪ್ಪ ಎರಡನೆಯದನ್ನು, ಅಮ್ಮ ಎಂದುಕೊಂಡು ಮೆಚ್ಚಿದ್ದನ್ನು, ಎತ್ತಿ ಟೇಪು ಕಿತ್ತರು. ಕೆಳಗೆ ಏನೂ ಬರೆದಿರಲಿಲ್ಲ. ತಮ್ಮನ್ನು ತಾವೇ ಅಂಗೈಯಲ್ಲಿಟ್ಟುಕೊಂಡು ನೋಡಿ, ಸ್ಕ್ವಾಡಿನ ತಟ್ಟೆಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಇಟ್ಟರು. ಆಯಸ್ಕಾಂತ ಟಕ್ಕೆಂದು ಹಿಡಿದುಕೊಂಡಿತು.

"ಬಣ್ಣ ಕಂಡಾಯ್ತು. ಇನ್ನು ಇಳೀಲೇಬೇಕು" ಎಂದರು. "ಡಾಕ್ಟರಿಗೆ ಹೇಳಿ, ಬರ್ತೀನಿ ಅಂತ."

ಅಣ್ಣ ಫೋನು ತರಲು ಒಳಗೆ ಹೋದ. ನಾನು ಮೂಗು ಒರೆಸಿಕೊಂಡು, ನನ್ನ ಸಿಪಾಯಿಯನ್ನು ಕೈಗೆತ್ತಿಕೊಂಡು, "ಈ ಪಟ್ಟಿ ಒಂದು ನಿಮಿಷದ ಕೆಲಸ, ಸರಿ ಮಾಡಿಕೊಡ್ತೀನಿ" ಎಂದೆ. ನನಗೆ ಏನಾದರೂ ಮಾಡಬೇಕಿತ್ತು, ಸುಮ್ಮನೆ ನಿಲ್ಲಲಾಗುತ್ತಿರಲಿಲ್ಲ.

ಅಪ್ಪ ಅದನ್ನು ನನ್ನ ಕೈಯಿಂದ ಕಸಿದುಕೊಂಡರು. ನನ್ನ ಮೇಲೆ ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಮುಟ್ಟಬೇಡ ಅದನ್ನ. ಹಾಗೇ ಇರಲಿ. ವಾಪಸ್ ಬಂದು ನಾನೇ ಎಳೀತೀನಿ."